ಮುರಿದ ರೆಕ್ಕೆಯನ್ನು ಮುಚ್ಚಬೇಕೋ, ಕಟ್ಟಬೇಕೋ?

'ಮೇಲೆ ತಳಕು, ಒಳಗೆ ಹುಳುಕು' ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ನಾವು ಎಷ್ಟೋ ಸಲ ಅಂಕ ಪಡೆದಿದ್ದೇವೆ. ಅದರ ಅರ್ಥ ನಮಗೆ ನಿಜವಾಗಿ ತಿಳಿದದ್ದು ಮಾತ್ರ ಈ ವರ್ಷ, ನಮ್ಮ ವಿಜ್ಞಾನ ಸಂಘಕ್ಕೆ ಒಂದು ಹಳೆಯ ಮಾದರಿ ವಿಮಾನ ಬಂದಾಗ.

ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಅದನ್ನು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡು ತಂದುಕೊಟ್ಟರು. ಅದು ನೆಲದ ಮೇಲೆ ನಿಂತು ರೇಡಿಯೋ ಮೂಲಕ ಹಾರಿಸುವಂಥದು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೂವರೆ ಮೀಟರು. ಒಳಗೆಲ್ಲ ಬಾಲ್ಸಾ ಎಂಬ ಬಹು ಹಗುರವಾದ ಮರ. ಮೇಲೆ ಅರಿಶಿನ ಕುಂಕುಮದ ಬಣ್ಣದ ತೆಳು ಹಾಳೆ ಥಳಥಳಿಸುತ್ತಿತ್ತು. ವಾರ್ಷಿಕೋತ್ಸವಕ್ಕೆ ಇನ್ನು ಹದಿನೈದೇ ದಿನ. ಅತಿಥಿಗಳ ಮುಂದೆ ಅದನ್ನು ಹಾರಿಸುವುದೆಂದು ನಾವು ಅಂದೇ ನಿಶ್ಚಯಿಸಿಬಿಟ್ಟೆವು.

ನಮ್ಮ ವಿಜ್ಞಾನದ ಮೇಷ್ಟ್ರು ರೆಕ್ಕೆಯ ಎರಡೂ ತುದಿಗಳನ್ನು ಹಿಡಿದು ಮೆಲ್ಲನೆ ಮೇಲಕ್ಕೆ ಬಗ್ಗಿಸಿದರು. ನಡುವೆ 'ಕಿರ್' ಎಂದು ಸದ್ದಾಯಿತು. ಹಾಳೆಯನ್ನು ಬಿಡಿಸಿ ನೋಡಿದರೆ, ರೆಕ್ಕೆಯ ಬೆನ್ನೆಲುಬಾದ ಉದ್ದನೆಯ ಮರದ ಪಟ್ಟಿ ಮುರಿದಿತ್ತು. ಇದನ್ನು ಸ್ಪಾರ್ ಎನ್ನುತ್ತಾರೆ. ಹಿಂದಿನವರು ಎರಡು ತುಂಡುಗಳನ್ನು ಮುಖಕ್ಕೆ ಮುಖ ತಾಗಿಸಿ, ಅಂಟು ಸುರಿದು, ಮೇಲೆ ಹೊಸ ಹಾಳೆ ಎಳೆದಿದ್ದರು. ಮೋಟಾರು ಕೂರುವ ಮುಂದಿನ ಪ್ಲೈವುಡ್ ಹಲಗೆಯಲ್ಲಿಯೂ ಕೂದಲೆಳೆಯಷ್ಟು ಬಿರುಕಿತ್ತು.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡುವುದು ಒಳ್ಳೆಯದು. "ಐದು ನಿಮಿಷ ಹಾರಿದರೆ ಸಾಕು, ಒಳಗೆ ಯಾರು ನೋಡುತ್ತಾರೆ? ಹಾಳೆ ಮತ್ತೆ ಅಂಟಿಸಿಬಿಡೋಣ" ಎಂದವರೇ ನಮ್ಮಲ್ಲಿ ಹೆಚ್ಚು. ಆಗ ಬಡಗಿಯವರ ಮನೆಯ ನಮ್ಮ ಗೆಳೆಯನೊಬ್ಬ, "ಗಾಡಿ ಮೂಕಿ ಮುರಿದಾಗ ನಮ್ಮಪ್ಪ ಹಿಂಗೆ ಕೂಡಿಸಿ ಬಣ್ಣ ಬಳಿದು ಕೊಟ್ಟರೆ ಊರವರು ಸುಮ್ಮನೆ ಬಿಡ್ತಾರೇನ್ರೋ?" ಎಂದ. ಯಾರಿಗೂ ಉತ್ತರ ಹೊಳೆಯಲಿಲ್ಲ. ಒಂದೂವರೆ ಕಿಲೋ ತೂಕದ ವಸ್ತು ಮಕ್ಕಳ ತಲೆಯ ಮೇಲೆ ಹಾರುವಾಗ ರೆಕ್ಕೆ ಮಡಚಿಕೊಂಡರೆ ಆಗುವ ಅನಾಹುತಕ್ಕೆ ಹೊಣೆ ಯಾರು?

ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ, ವಿಮಾನದ ಭಾರ ನಡುವೆ ಕೆಳಕ್ಕೆ ಜಗ್ಗುತ್ತದೆ. ಹೀಗಾಗಿ ಕೆಳಗಿನ ಸ್ಪಾರ್ ಎಳೆತಕ್ಕೂ ಮೇಲಿನದು ಒತ್ತಡಕ್ಕೂ ಸಿಕ್ಕುತ್ತದೆ. ಈ ಶ್ರಮ ಅತಿ ಹೆಚ್ಚಾಗಿರುವುದು ರೆಕ್ಕೆಯ ಬುಡದಲ್ಲಿಯೇ. ಎತ್ತರ ಕಳೆದುಕೊಳ್ಳದೆ ಅರವತ್ತು ಡಿಗ್ರಿ ವಾಲಿಕೊಂಡು ತಿರುಗಿದರೆ ರೆಕ್ಕೆ ಹೊರಬೇಕಾದ ಭಾರ ಎರಡರಷ್ಟಾಗುತ್ತದೆ. ಮರದ ಬಲವಾದರೋ ಅದರ ನಾರಿನ ಉದ್ದಕ್ಕೆ ಇರುತ್ತದೆ. ಅಡ್ಡ ಕಡಿದ ಮುಖಗಳನ್ನು ಅಂಟಿಸಿದರೆ ಅಂಟು ನಾರಿನೊಳಕ್ಕೆ ಇಂಗಿಹೋಗಿ ಹಿಡಿತ ಸಿಗದು.

ಆದ್ದರಿಂದ ಎರಡು ತುಂಡುಗಳನ್ನೂ ಓರೆಯಾಗಿ ಕೆತ್ತಿ, ಒಂದರ ಮೇಲೊಂದು ಕೂರಿಸಿ ಅಂಟಿಸಬೇಕು. ಓರೆಯ ಉದ್ದ ಪಟ್ಟಿಯ ದಪ್ಪದ ಹತ್ತು ಹನ್ನೆರಡರಷ್ಟು ಇರಬೇಕು: 6 ಮಿಲಿಮೀಟರ್ ದಪ್ಪಕ್ಕೆ 6-7 ಸೆಂಟಿಮೀಟರ್. ಮುರಿದ ಕಾಲಿಗೆ ದಬ್ಬೆ ಕಟ್ಟುವಂತೆ ಪಕ್ಕದಲ್ಲೊಂದು ತೆಳು ಪಟ್ಟಿಯ ಆಸರೆ ಬೇಕು. ಅದರ ತುದಿಗಳನ್ನು ಸಣ್ಣಗೆ ಇಳಿಸಬೇಕು, ಇಲ್ಲವಾದರೆ ಆಸರೆ ಮುಗಿಯುವ ಕಡೆಯಲ್ಲೇ ಮತ್ತೆ ಮುರಿಯುತ್ತದೆ. ಮೋಟಾರಿನ ಹಲಗೆ ಸದಾ ಅದುರುವುದರಿಂದ ನಾವು ಅದನ್ನು ತೆಗೆದು, ಹೊಸದನ್ನು ಎಪಾಕ್ಸಿ ಅಂಟಿನಿಂದ ಕೂರಿಸಿದೆವು.

ಹಾಗೆಂದು ಕಂಡಕಂಡಲ್ಲಿ ಮರ, ಅಂಟು ತುಂಬುವುದೂ ಸರಿಯಲ್ಲ. ಗಾಡಿಗೆ ಹಿಂದೆ ಹೇರು ಹೆಚ್ಚಾದರೆ ನೊಗ ಎತ್ತಿನ ಕುತ್ತಿಗೆಯಿಂದ ಮೇಲೇಳುವುದನ್ನು ನಾವೆಲ್ಲ ಬಲ್ಲೆವು. ವಿಮಾನವೂ ಹಾಗೆಯೇ. ನಮ್ಮದರಲ್ಲಿ ಸಮತೂಕದ ಜಾಗಕ್ಕೆ ಮೂಗಿಗಿಂತ ಬಾಲ ಮೂರರಷ್ಟು ದೂರ. ಬಾಲದಲ್ಲಿ 10 ಗ್ರಾಂ ಅಂಟು ಹೆಚ್ಚಾದರೆ ಮೂಗಿನಲ್ಲಿ 30 ಗ್ರಾಂ ಸೀಸ ಇಡಬೇಕಾಗುತ್ತದೆ. ಬೇಕಾದಷ್ಟು, ಬೇಕಾದಲ್ಲಿ, ಅದೇ ದುರಸ್ತಿಯ ಜಾಣತನ.

"ಇಷ್ಟು ಕಷ್ಟವೇಕೆ, ಥರ್ಮಾಕೋಲಿನಂಥ ಹೊಸ ವಿಮಾನವನ್ನೇ ಕೊಳ್ಳಬಹುದಲ್ಲ?" ಎಂದು ಕೆಲವರು ಕೇಳಿದರು. ಕೊಳ್ಳಬಹುದು. ಆದರೆ ಕೊಂಡವನು ಹಾರಿಸಲು ಕಲಿಯುತ್ತಾನೆ. ರಿಪೇರಿ ಮಾಡಿದವನು ಅದು ಏಕೆ ಹಾರುತ್ತದೆ ಎಂಬುದನ್ನೂ ಕಲಿಯುತ್ತಾನೆ. ಇದು ಮಾದರಿಗಳಿಗಷ್ಟೇ ಸಲ್ಲುವ ಮಾತಲ್ಲ. ನಮ್ಮ ವಿಮಾನ ಬಂದ ಬೆಂಗಳೂರಿನಲ್ಲೇ 1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹುಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ನಡೆದ ಮುಖ್ಯ ಕೆಲಸವೇ ವಿಮಾನಗಳ ರಿಪೇರಿ. ಯುದ್ಧ ಮುಗಿದಾಗ ಲಿಬರೇಟರ್ ಎಂಬ ನಾಲ್ಕು ಎಂಜಿನ್ನುಗಳ ಬಾಂಬರುಗಳನ್ನು, ಮತ್ತೆ ಬಳಕೆಗೆ ಬಾರದಂತೆ ಕೆಡಿಸಿ, ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ನಮ್ಮ ಕೆಲಸಗಾರರು ಅವನ್ನು ಹೇಗೋ ಹಾರುವಷ್ಟು ಸರಿಪಡಿಸಿದರು. ಜಮ್‌ಶೇದ್ ಮುನ್ಷಿ ಎಂಬ ಪೈಲಟ್ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಅಲ್ಲಿ ಅವನ್ನು ಬಿಚ್ಚಿ, ಪೂರ್ತಿಯಾಗಿ ಸರಿಪಡಿಸಿ, 1948ರಿಂದ ವಾಯುಪಡೆಗೆ ಒಪ್ಪಿಸಿದರು. ಕೆಟ್ಟುಹೋದವೆಂದು ಬಿಟ್ಟ ಆ ವಿಮಾನಗಳು 1968ರವರೆಗೆ ದೇಶದ ಸೇವೆ ಮಾಡಿದವು. ಇತ್ತ ಅದೇ ಕಾರ್ಖಾನೆ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪಿಸಿದ ಎಚ್.ಟಿ.-2 ವಿಮಾನ 1951ರಲ್ಲಿ ಹಾರಿತು. ರಿಪೇರಿ ಕಲಿತ ಕೈಗಳೇ ಹೊಸದನ್ನೂ ಕಟ್ಟಿದವೆಂದರೆ ತಪ್ಪಾಗಲಾರದು.

ನಮ್ಮ ಹೇಮಾವತಿಯೂ ಒಂದು ಪಾಠ ಹೇಳುತ್ತದೆ. ಸಾವಿರ ವರ್ಷಕ್ಕೂ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದ ಊರು ಇದು. ದೇವಾಲಯದ ಆವರಣದ ಶಿಲ್ಪಗಳಲ್ಲಿ ಭಗ್ನವಾದವೂ ಉಂಟು. ಅವಕ್ಕೆ ಸಿಮೆಂಟಿನ ಕೈ ಮೂಗು ಇಟ್ಟು ಬಣ್ಣ ಬಳಿದರೆ ಯಾರಾದರೂ ಮೆಚ್ಚುವರೇ? ಶಿಲ್ಪವನ್ನು ಇದ್ದಂತೆಯೇ ಕಾಪಾಡಬೇಕು. ರೆಕ್ಕೆಯನ್ನು ಬಲವಾಗಿ ಮತ್ತೆ ಕಟ್ಟಬೇಕು. ದಾರಿ ಬೇರೆಯಾದರೂ ಮುರಿದದ್ದನ್ನು ಮುರಿದಿಲ್ಲವೆಂದು ತೋರಿಸಬಾರದೆಂಬ ನೀತಿ ಎರಡಕ್ಕೂ ಒಂದೇ.

ವಾರ್ಷಿಕೋತ್ಸವದ ದಿನ ವಿಮಾನ ಹಾರಲಿಲ್ಲ. ಹಾಳೆ ಹೊದಿಸದ ರೆಕ್ಕೆಯನ್ನು ಮೇಜಿನ ಮೇಲಿಟ್ಟು, ಎಲ್ಲಿ ಮುರಿದಿತ್ತು, ಹೇಗೆ ಕೂಡಿಸಿದೆವು ಎಂದು ಚೀಟಿ ಬರೆದಿಟ್ಟೆವು. ಚಿಕ್ಕ ತರಗತಿಯವರು ನಕ್ಕರು. ನಮಗೂ ಬೇಸರವಾಗದೆ ಇರಲಿಲ್ಲ. ಆದರೆ ರೈತರೊಬ್ಬರು ಬಹಳ ಹೊತ್ತು ನಿಂತು ಓರೆಯ ಬೆಸುಗೆಯನ್ನು ಬೆರಳಿನಿಂದ ಸವರಿ ನೋಡಿ, "ಇದು ಸರಿ" ಎಂದು ಹೇಳಿ ಹೋದರು. ಮೂರು ವಾರದ ಮೇಲೆ, ಕಡಲೆಕಾಯಿ ಕಿತ್ತ ಖಾಲಿ ಹೊಲದಲ್ಲಿ, ಜನರಿಂದ ದೂರ, ರೇಡಿಯೋ ಎಷ್ಟು ದೂರ ಮುಟ್ಟುತ್ತದೆಂದು ಪರೀಕ್ಷಿಸಿದ ಮೇಲೆ, ಅದು ಆರು ನಿಮಿಷ ಹಾರಿತು. ಇಳಿಯುವಾಗ ಒಂದು ಚಕ್ರ ಕಿತ್ತುಬಂತು, ರೆಕ್ಕೆ ಅಲುಗಲಿಲ್ಲ.

ಪ್ರತಿ ಪ್ರೌಢಶಾಲೆಯಲ್ಲಿ ರಿಪೇರಿಗೆಂದೇ ಒಂದು ಮೇಜು, ಒಂದು ಗರಗಸ, ನಾಲ್ಕು ಹಿಡಿಕೆಗಳು ಇರಬೇಕು. ಊರಿನ ಬಡಗಿಯವರನ್ನು ವರ್ಷಕ್ಕೆರಡು ಸಲವಾದರೂ ಕರೆಸಿ ಪಾಠ ಹೇಳಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಹಳೆಯ ವಸ್ತುವನ್ನು ಮಾರುವವರು ಅದರ ಪೆಟ್ಟನ್ನು ಹೇಳಿ ಮಾರಬೇಕೆಂದೂ ನಾವು ಬಯಸುತ್ತೇವೆ. ಅದಕ್ಕಾಗಿ ಹೊಸ ಹಾಳೆ ಹೊದಿಸುವ ಮೊದಲು ರೆಕ್ಕೆಯ ಒಳಗೆ ಪೆನ್ಸಿಲಿನಿಂದ ಬರೆದಿದ್ದೇವೆ: "ಇಲ್ಲಿ ಮುರಿದಿತ್ತು. ಓರೆ ಕೂಡಿಸಿ ಕಟ್ಟಿದೆ. ಹಾರಿಸುವ ಮುನ್ನ ಬಗ್ಗಿಸಿ ನೋಡಿರಿ." ಮುಂದೆ ಆ ವಿಮಾನ ಯಾರ ಕೈ ಸೇರಿದರೂ, ಹಾಳೆ ಬಿಚ್ಚಿದವರಿಗೆ ನಿಜ ತಿಳಿಯಲಿ.