ಮೊದಲ ಸಂಬಳ ಮತ್ತು ಅಪ್ಪನ ಹಳೆ ಕಾರು

ನಮ್ಮ ಕಡೆ ಯಾರದಾದರೂ ಮಗನಿಗೋ ಮಗಳಿಗೋ ಕೆಲಸ ಸಿಕ್ಕಿದ ಸುದ್ದಿ ಊರಿಗೆ ಗೊತ್ತಾದರೆ ಎರಡು ಪ್ರಶ್ನೆ ಬರುತ್ತವೆ. ಮೊದಲನೆಯದು, ‘ಸಂಬಳ ಎಷ್ಟಂತೆ?’ ಎರಡನೆಯದು, ‘ಇನ್ನೇನಪ್ಪಾ, ಹೊಸ ಕಾರು ಯಾವಾಗ?’ ವಿರೂಪಾಕ್ಷಿಪುರ ಹೋಬಳಿಯ ಬಹಳಷ್ಟು ಮನೆಗಳ ಮುಂದೆ ಹತ್ತು ಹದಿನೈದು ವರ್ಷದ ಸಣ್ಣ ಕಾರುಗಳು ನಿಂತಿವೆ. ರೇಷ್ಮೆಗೂಡು, ತೆಂಗು, ಹಾಲಿನ ದುಡ್ಡು ಕೂಡಿಸಿ ಅಪ್ಪಂದಿರು ತಂದ ಕಾರುಗಳು ಅವು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ಎರಡನೆಯ ಪ್ರಶ್ನೆಯ ದನಿ ಇನ್ನೂ ಜೋರಾಗಿದೆ.

ಹಳೆ ಕಾರು ಇಟ್ಟುಕೊಳ್ಳಬೇಕೋ, ಕೊಟ್ಟು ಹೊಸದು ತರಬೇಕೋ ಎನ್ನುವುದು ಮೇಲ್ನೋಟಕ್ಕೆ ದೊಡ್ಡವರ ವಿಷಯ. ಆದರೆ ಸಾಲದ ಅರ್ಜಿಗೆ ಬೇಕಾಗುವುದು ನಮ್ಮ ಸಂಬಳದ ಚೀಟಿ. ಇಪ್ಪತ್ತಮೂರು, ಇಪ್ಪತ್ತನಾಲ್ಕರ ವಯಸ್ಸಿನ ನಮ್ಮಲ್ಲಿ ಅನೇಕರಿಗೆ ಬದುಕಿನ ಮೊದಲ ದೊಡ್ಡ ಸಾಲ ಇದೇ ಆಗುತ್ತದೆ. ನನ್ನ ಅಭಿಪ್ರಾಯ ಇಷ್ಟು: ನಾಚಿಕೆಗೆ ಕಾರು ಬದಲಿಸಬಾರದು, ಮೈಲೇಜಿಗೂ ಬದಲಿಸಬಾರದು. ಬದಲಿಸಲು ಗಟ್ಟಿ ಕಾರಣ ಒಂದೇ ಒಂದು, ಒಳಗೆ ಕೂರುವವರ ಜೀವ. ಆ ಕಾರಣಕ್ಕೂ ಶೋರೂಮಿಗೇ ಹೋಗಬೇಕೆಂದಿಲ್ಲ.

ನಮ್ಮ ಮನೆಯದನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ನಮ್ಮದು 2010ರ ಮಾಡೆಲ್ ಆಲ್ಟೊ. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಸಾವಿರ ಕಿಲೋಮೀಟರ್ ಓಡುತ್ತದೆ. ಚನ್ನಪಟ್ಟಣದ ಸಂತೆ, ರಾಮನಗರದ ಗೂಡಿನ ಮಾರುಕಟ್ಟೆ, ಮದುವೆ, ತಿಥಿ, ಅವ್ವನ ಬಿ.ಪಿ ತೋರಿಸಲು ಆಸ್ಪತ್ರೆ. ನಾನು ಕೆಲಸಕ್ಕೆ ಸೇರಿ ವರ್ಷವಾಗಿಲ್ಲ, ಕೈಗೆ ಬರುವುದು ಇಪ್ಪತ್ತೈದು ಸಾವಿರ. ಈ ವರ್ಷ ಕಾರಿಗೆ ಹದಿನೈದು ತುಂಬಿತು. ಅಲ್ಲಿಂದ ಮನೆಯಲ್ಲಿ ಚರ್ಚೆ ಶುರು.

ಮೊದಲು ಎದ್ದ ಮಾತು, ‘ಹದಿನೈದು ವರ್ಷ ಆದಮೇಲೆ ಗುಜರಿಗೆ ಹಾಕಲೇಬೇಕಂತೆ’ ಎನ್ನುವುದು. ಇದು ಅರ್ಧ ಸುಳ್ಳು. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿ ಓಡಿಸಬಾರದೆಂಬ ಆದೇಶ ಬಂದದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. ಅಲ್ಲೂ ಅಂಥ ಗಾಡಿಗಳ ಮಾಲೀಕರ ವಿರುದ್ಧ ಬಲವಂತದ ಕ್ರಮ ಬೇಡ ಎಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹದಿನೈದು ವರ್ಷ ದಾಟಿದರೆ ನೋಂದಣಿ ನವೀಕರಣವೇ ಇಲ್ಲ ಎಂಬ 2023ರ ಏಪ್ರಿಲ್‌ನ ನಿಯಮ ಸರ್ಕಾರಿ ವಾಹನಗಳಿಗೆ. ನಮ್ಮಂಥವರ ಸ್ವಂತ ಕಾರು ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ ಮತ್ತೆ ಐದು ವರ್ಷಕ್ಕೆ ನೋಂದಣಿ ಸಿಗುತ್ತದೆ. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ಹಸಿರು ತೆರಿಗೆ ಬೇರೆ. ಶುಲ್ಕ ಹೆಚ್ಚಿಸಿ ಹಳೆ ಗಾಡಿ ಬಿಡಿ ಎಂದು ಸರ್ಕಾರ ಸೂಚಿಸುತ್ತಿರುವುದು ನಿಜ. ಆದರೆ ಐದು ವರ್ಷಕ್ಕೆ ಐದು ಸಾವಿರ ಎಂದರೆ ವರ್ಷಕ್ಕೆ ಒಂದು ಸಾವಿರ ಅಷ್ಟೆ. ಇದರ ಹೆದರಿಕೆಗೆ ಆರು ಲಕ್ಷದ ಗಾಡಿ ತರುವುದು ಇಲಿಗೆ ಹೆದರಿ ಮನೆ ಬಿಟ್ಟ ಹಾಗೆ.

ಎರಡನೆಯದು ಮೈಲೇಜು. ‘ಹಳೇದು ಪೆಟ್ರೋಲ್ ಕುಡಿಯುತ್ತೆ, ಹೊಸದಾದರೆ ಉಳಿಯುತ್ತೆ’ ಎಂದು ಎಲ್ಲರೂ ಹೇಳುತ್ತಾರೆ, ಲೆಕ್ಕ ಹಾಕುವವರು ಕಡಿಮೆ. ಹಳೆಯದು ಲೀಟರಿಗೆ 15 ಕಿಲೋಮೀಟರ್, ಹೊಸದು 20 ಕೊಡುತ್ತದೆ ಎಂದುಕೊಳ್ಳೋಣ. ನಾಲ್ಕು ಸಾವಿರ ಕಿಲೋಮೀಟರಿಗೆ ಹಳೆಯದಕ್ಕೆ ಸುಮಾರು 267 ಲೀಟರ್, ಹೊಸದಕ್ಕೆ 200 ಲೀಟರ್ ಬೇಕು. ಉಳಿಯುವುದು 67 ಲೀಟರ್. ಲೀಟರಿಗೆ ನೂರು ರೂಪಾಯಿಯ ಮೇಲಿದೆ, ಆದರೂ ವರ್ಷಕ್ಕೆ ಏಳು ಸಾವಿರದ ಆಸುಪಾಸು. ಎಥೆನಾಲ್ ಶೇ 20ರಷ್ಟು ಬೆರೆತ ಪೆಟ್ರೋಲಿನಿಂದ ಹಳೆ ಕಾರಿನ ಮೈಲೇಜು ಇನ್ನೂ ಇಳಿಯುತ್ತದೆ ಎಂಬ ಮಾತೂ ಇದೆ. ಹಳೆ ವಿನ್ಯಾಸದ ಕಾರುಗಳಲ್ಲಿ ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿಯೇ ಹೇಳಿತ್ತು. ಅದನ್ನೂ ಸೇರಿಸಿದರೆ ಇನ್ನೊಂದೆರಡು ಸಾವಿರ. ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳನ್ನು ಮೆಕ್ಯಾನಿಕ್ ಬಳಿ ತೋರಿಸಿ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸುವುದು ಒಳ್ಳೆಯದು.

ಈಗ ಇನ್ನೊಂದು ಕಡೆಯ ಲೆಕ್ಕ ನೋಡಿ. ಆರು ಲಕ್ಷದ ಕಾರಿಗೆ ನಮ್ಮ ರಾಜ್ಯದಲ್ಲಿ ಜೀವಿತಾವಧಿ ತೆರಿಗೆ ಶೇ 14, ಅಂದರೆ 84,000 ರೂಪಾಯಿ, ಸೆಸ್ ಬೇರೆ. ಮೇಲೆ ವಿಮೆ. ಮುಂಗಡಕ್ಕೆ ಮನೆಯ ಉಳಿತಾಯವೋ ಅವ್ವನ ಒಡವೆಯೋ ಹೋಗುತ್ತದೆ. ಉಳಿದ ಐದು ಲಕ್ಷಕ್ಕೆ ಶೇ 9ರ ಬಡ್ಡಿಯಲ್ಲಿ ಏಳು ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 8,045 ರೂಪಾಯಿ. 84 ಕಂತು ಮುಗಿಯುವ ಹೊತ್ತಿಗೆ ಕಟ್ಟಿರುವುದು 6.75 ಲಕ್ಷ ದಾಟಿರುತ್ತದೆ. ವರ್ಷಕ್ಕೆ ಎಂಟೊಂಬತ್ತು ಸಾವಿರದ ಪೆಟ್ರೋಲ್ ಉಳಿಸಲು ವರ್ಷಕ್ಕೆ 96 ಸಾವಿರ ಕಟ್ಟುವುದು ಯಾವ ಉಳಿತಾಯ? ಹಳೆ ಕಾರು ವರ್ಷಕ್ಕೊಮ್ಮೆ ಕ್ಲಚ್ಚು, ಬ್ಯಾಟರಿ, ಟೈರು ಎಂದು ಇಪ್ಪತ್ತು ಸಾವಿರ ಕೇಳಿದರೂ ತಕ್ಕಡಿ ಆ ಕಡೆ ವಾಲುವುದಿಲ್ಲ.

ಹಣಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಕಂತು ನಮ್ಮ ಬದುಕಿನಲ್ಲಿ ಮಾಡುವ ಕೆಲಸ. ಇಪ್ಪತ್ತೈದು ಸಾವಿರದಲ್ಲಿ ಎಂಟು ಸಾವಿರ ಪ್ರತಿ ತಿಂಗಳು ಹೋಗುವಾಗ, ಕೆಲಸ ಬಿಡುವ ಧೈರ್ಯವೂ ಅದರ ಜೊತೆಗೇ ಹೋಗುತ್ತದೆ. ಮೊದಲ ಕೆಲಸ ಎಲ್ಲರಿಗೂ ಒಗ್ಗುವುದಿಲ್ಲ. ಗುತ್ತಿಗೆ ಮುಗಿಯಬಹುದು. ಆರು ತಿಂಗಳು ಮನೆಯಲ್ಲಿ ಕೂತು ಕೆಎಎಸ್‌ಗೋ, ಪಿಎಸ್‌ಐ ಪರೀಕ್ಷೆಗೋ ಓದಬೇಕೆನಿಸಬಹುದು. ಒಂದು ಕೋರ್ಸ್ ಮಾಡಿದರೆ ಸಂಬಳ ಹೆಚ್ಚುತ್ತದೆ ಎಂದು ಗೊತ್ತಾಗಬಹುದು. ಆಗೆಲ್ಲ ‘ಕಂತು ಯಾರು ಕಟ್ಟೋದು?’ ಎಂಬ ಪ್ರಶ್ನೆ ಅಡ್ಡ ಬರುತ್ತದೆ. ಬಿಡದಿಯ ಕಾರ್ಖಾನೆಗಳಲ್ಲಿ ತರಬೇತಿ ಅವಧಿಗೆ ಸೇರಿದ, ಬೆಂಗಳೂರಿನಲ್ಲಿ ಹೊರಗುತ್ತಿಗೆಯಲ್ಲಿ ದುಡಿಯುವ ಗೆಳೆಯರು ನನಗಿದ್ದಾರೆ. ಅವರ ಕೆಲಸಕ್ಕೆ ಒಂದು ವರ್ಷದ ಖಾತ್ರಿ ಇಲ್ಲ, ಸಾಲದ ಅವಧಿ ಮಾತ್ರ ಏಳು ವರ್ಷ.

ಇಷ್ಟು ಹೇಳಿ ‘ಹಳೆಯದೇ ಚಿನ್ನ’ ಎಂದು ಮುಗಿಸಿದರೆ ಅದು ಅಪ್ರಾಮಾಣಿಕವಾಗುತ್ತದೆ. ಹಳೆ ಕಾರಿನ ವಿರುದ್ಧ ಒಂದು ಮಾತಿದೆ, ಅದಕ್ಕೆ ಸಮಾಧಾನ ಹೇಳುವುದು ಕಷ್ಟ. ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಬ್ರೇಕ್ ಇಲ್ಲ. ಆ ಕಾಲದ ಹೆಚ್ಚಿನ ಅಗ್ಗದ ಕಾರುಗಳಲ್ಲಿ ಇರಲಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ಪರೀಕ್ಷಿಸಿತು. ಏರ್‌ಬ್ಯಾಗ್ ಇಲ್ಲದ ಮಾದರಿಗಳೆಲ್ಲಕ್ಕೂ ದೊಡ್ಡವರ ರಕ್ಷಣೆಯಲ್ಲಿ ಬಂದದ್ದು ಸೊನ್ನೆ ಸ್ಟಾರ್. ಅವುಗಳಲ್ಲಿ ಒಂದನ್ನು ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಪರೀಕ್ಷಿಸಿದಾಗ ನಾಲ್ಕು ಸ್ಟಾರ್ ಸಿಕ್ಕಿತು. ಅದರ ಕವಚ ಗಟ್ಟಿಯಿತ್ತು, ಏರ್‌ಬ್ಯಾಗ್ ಸೇರಿದಾಗ ಜೀವ ಉಳಿಸುವಂತಾಯಿತು.

ನಂತರ ಕಾನೂನು ಬಿಗಿಯಾಯಿತು. ಎಬಿಎಸ್ 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಪಕ್ಕದ ಸೀಟಿಗೂ ಏರ್‌ಬ್ಯಾಗ್ 2022ರ ಆರಂಭದಿಂದ ಕಡ್ಡಾಯ. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಬಂದಿದೆ.

ಈ ವರ್ಷಗಳು ನಮ್ಮ ಜಿಲ್ಲೆಯವರಿಗೆ ಯಾಕೆ ಮುಖ್ಯ ಎಂದರೆ ನಮ್ಮ ಪಕ್ಕದಲ್ಲೇ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಇದೆ. 118 ಕಿಲೋಮೀಟರಿನ ಆ ರಸ್ತೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಸಾಲು ಸಾಲು ಅಪಘಾತಗಳ ನಂತರ ಅದೇ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶ ನಿಂತಿತು. ಬೈಕ್ ಬಿಟ್ಟು ಕಾರು ತೆಗೆದ ಮನೆಗಳೂ ಇವೆ. ಅಲ್ಲಿ ವೇಗದ ಮಿತಿ 100. ಕಾರಿನ ಗುದ್ದುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಪಿಯುಸಿ ಭೌತಶಾಸ್ತ್ರದಲ್ಲಿ ಓದಿದ್ದೇವೆ. 50ರಲ್ಲಿ ಹೋಗುವ ಕಾರಿಗಿಂತ 100ರಲ್ಲಿ ಹೋಗುವ ಕಾರಿನ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 64ರಲ್ಲೇ ಸೊನ್ನೆ ಪಡೆದ ಕಾಲದ ಕಾರಿನಲ್ಲಿ ಅಪ್ಪ, ಅವ್ವ, ತಂಗಿಯನ್ನು ಕೂರಿಸಿಕೊಂಡು 100ರಲ್ಲಿ ಓಡಿಸುವುದು ಉಳಿತಾಯ ಅಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಕಾರು ಎಷ್ಟು ಹಳೆಯದು?’ ಎಂಬುದಲ್ಲ. ‘ಯಾವ ರಸ್ತೆಯಲ್ಲಿ, ವಾರಕ್ಕೆ ಎಷ್ಟು ಸಲ, ಯಾರನ್ನು ಕೂರಿಸಿಕೊಂಡು?’ ಎಂಬುದು. ಹೋಬಳಿಯಿಂದ ಚನ್ನಪಟ್ಟಣಕ್ಕೆ ನಲವತ್ತರ ವೇಗದಲ್ಲಿ ವಾರಕ್ಕೆರಡು ಸಲ ಹೋಗುವ ಕಾರಿಗೆ ಇನ್ನೂ ಕೆಲವು ವರ್ಷ ಕೆಲಸವಿದೆ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು, ಟೈರು ಬ್ರೇಕು ಸರಿಯಿರಬೇಕು. ದಿನಾ ಎಕ್ಸ್‌ಪ್ರೆಸ್‌ವೇ ಹತ್ತುವ ಕಾರಾದರೆ ಬದಲಿಸುವ ಮಾತು ಇಂದೇ ಆಡಬೇಕು. ನನ್ನಂತೆ ಬೆಂಗಳೂರಿಗೆ ಓಡಾಡುವವರಿಗೆ ಚನ್ನಪಟ್ಟಣದಿಂದ ರೈಲಿದೆ, ಮಾಸಿಕ ಪಾಸ್ ಇದೆ. ಕಚೇರಿಗೆ ಹೋಗಲು ಕಾರು ಬೇಕೇಬೇಕು ಎನ್ನುವ ಮೊದಲು ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಬದಲಿಸಲೇಬೇಕಾದರೆ ಮಧ್ಯದ ದಾರಿಯೊಂದಿದೆ. ವಿಮೆಯ ಲೆಕ್ಕದಲ್ಲಿ ಐದು ವರ್ಷಕ್ಕೆ ಕಾರಿನ ಮೌಲ್ಯ ಅರ್ಧಕ್ಕೆ ಇಳಿಯುತ್ತದೆ. ಆ ಅರ್ಧವನ್ನು ಮೊದಲ ಮಾಲೀಕ ಕಳೆದುಕೊಂಡ ಮೇಲೆ ನಾವು ಕೊಂಡರೆ ಸಾಲವೂ ಅರ್ಧ, ಅವಧಿಯೂ ಅರ್ಧ. 2022ರ ನಂತರ ತಯಾರಾದದ್ದಾದರೆ ಮುಂದಿನ ಎರಡು ಸೀಟಿಗೂ ಏರ್‌ಬ್ಯಾಗ್ ಇರುತ್ತದೆ. ಆ ಮಾದರಿಗೆ ಎಷ್ಟು ಸ್ಟಾರ್ ಬಂದಿದೆ ಎಂದು ಫೋನಿನಲ್ಲೇ ನೋಡಬಹುದು. ಕೊಳ್ಳುವ ಮೊದಲು ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ಬಾಕಿ ದಂಡ, ವಿಮೆ, ಬ್ಯಾಂಕ್ ಸಾಲದ ನಮೂದು ನೋಡಿ. ಸಾಲ ತೀರಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35, ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಪಡೆಯದೆ ಪೂರ್ತಿ ಹಣ ಕೊಡಬೇಡಿ. ವಿಮೆಯನ್ನೂ 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಬೇಕು. ನಂಬಿಕೆಯ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗುವ ಖರ್ಚು ದುಬಾರಿಯಲ್ಲ.

ಹೊಗೆಯ ಮಾತೂ ಬರುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಕಾರುಗಳು ನಮ್ಮ ಕಾರಿಗಿಂತ ಶುದ್ಧ, ಒಪ್ಪಬೇಕು. ಆದರೆ ಹೊಸ ಕಾರಿನ ಉಕ್ಕು, ಪ್ಲಾಸ್ಟಿಕ್ಕು, ವಿದ್ಯುತ್ತು ಗಾಳಿಯಿಂದ ಬರುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡುವ ಮನೆಯಲ್ಲಿ ಹೊಗೆ ತಪಾಸಣೆ ಸರಿಯಾಗಿ ಮಾಡಿಸುವುದು, ಅನಗತ್ಯ ಓಡಾಟ ಕಡಿಮೆ ಮಾಡುವುದು ಮೊದಲ ಕೆಲಸ.

ಕೊನೆಗೆ ಉಳಿಯುವುದು ಮರ್ಯಾದೆಯ ಪ್ರಶ್ನೆ. ಇದನ್ನು ನಕ್ಕು ತಳ್ಳಿಹಾಕಬಾರದು. ಹುಳು ಸಾಕಿ, ರಾತ್ರಿ ಎದ್ದು ಸೊಪ್ಪು ಹಾಕಿ ಓದಿಸಿದ ಅಪ್ಪನಿಗೆ ಮಗಳೋ ಮಗನೋ ತಂದ ಹೊಸ ಕಾರಿನಲ್ಲಿ ನೆಂಟರ ಮದುವೆಗೆ ಹೋಗಬೇಕೆನ್ನುವ ಆಸೆ ತಪ್ಪಲ್ಲ. ಆ ಆಸೆಯನ್ನು ನಮ್ಮ ಏಳು ವರ್ಷದ ಕಂತಾಗಿ ಮಾರುವ ಜಾಹೀರಾತಿನ ಬಗ್ಗೆ ಮಾತ್ರ ಎಚ್ಚರ ಬೇಕು. ಅದಕ್ಕೇ ಮನೆಯಲ್ಲಿ ಕಾಗದ ಪೆನ್ನು ಹಿಡಿದು ಕೂರುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಹಾಗೆ ಕೂತೆವು. ‘ಊರೋರು ಏನಂತಾರೆ’ ಎಂದು ಅಪ್ಪ ಶುರು ಮಾಡಿದರು. ಕಂತಿನ ಒಟ್ಟು ಮೊತ್ತ ಬರೆದು ತೋರಿಸಿದ ಮೇಲೆ, ‘ಇಷ್ಟಕ್ಕೆ ಇನ್ನೊಂದು ಬೋರ್ ಕೊರೆಸಬಹುದಿತ್ತಲ್ಲೋ’ ಎಂದರು. ಏರ್‌ಬ್ಯಾಗಿನ ವಿಷಯ ಹೇಳಿದಾಗ ಅವ್ವ, ‘ಹಂಗಾದ್ರೆ ಆ ದೊಡ್ಡ ರೋಡಿಗೆ ಇದನ್ನ ತಗೊಂಡು ಹೋಗದು ಬ್ಯಾಡ’ ಎಂದು ತೀರ್ಪು ಕೊಟ್ಟರು.

ಈಗ ನಮ್ಮ ಕಾರಿನ ನೋಂದಣಿ ನವೀಕರಣಕ್ಕೆ ಅರ್ಜಿ ಹಾಕಿದ್ದೇವೆ. ಅದು ಎಕ್ಸ್‌ಪ್ರೆಸ್‌ವೇ ಹತ್ತುವುದಿಲ್ಲ. ಕಂತಿಗೆ ಹೋಗಬೇಕಿದ್ದ ಎಂಟು ಸಾವಿರದಲ್ಲಿ ಐದು ಸಾವಿರ ತಿಂಗಳಿಗೆ ಆರ್.ಡಿ ಕಟ್ಟುತ್ತಿದ್ದೇನೆ, ಉಳಿದದ್ದು ಒಂದು ಕೋರ್ಸಿಗೆ. ಎರಡು ವರ್ಷಕ್ಕೆ ಬಡ್ಡಿ ಬಿಟ್ಟು 1.2 ಲಕ್ಷ ಆಗುತ್ತದೆ. ಆಗ ಎರಡು ಏರ್‌ಬ್ಯಾಗ್ ಇರುವ, ಯಾರೋ ಓಡಿಸಿ ಬಿಟ್ಟ ಒಂದು ಕಾರನ್ನು ಸಣ್ಣ ಸಾಲದಲ್ಲಿ ತರುವ ಯೋಚನೆ ಇದೆ. ಅಷ್ಟರಲ್ಲಿ ಈ ಕೆಲಸ ಬಿಟ್ಟು ಇನ್ನೊಂದು ಹಿಡಿಯಬೇಕೆನಿಸಿದರೆ ಬ್ಯಾಂಕನ್ನು ಕೇಳಬೇಕಾಗಿಲ್ಲ. ಕೆಲಸ ಹುಡುಕುತ್ತಿರುವ ಗೆಳೆಯರೇ, ನೇಮಕಾತಿ ಪತ್ರ ಕೈಗೆ ಬಂದ ದಿನವೇ ಸಾಲ ಕೊಡುತ್ತೇವೆ ಎಂಬ ಫೋನುಗಳೂ ಬರುತ್ತವೆ. ಅವಕ್ಕೆ ಉತ್ತರ ಕೊಡುವ ಮೊದಲು ಒಂದು ವರ್ಷ ಸಂಬಳ ತೆಗೆದುಕೊಂಡು ನೋಡಿ.