ರೋಗಿಯ ವೀಸಾ ರಾಜಕೀಯದ ದಾಳವಾಗದಿರಲಿ

2024ರ ಜೂನ್‌ನಲ್ಲಿ ತಾತನ ಹೃದಯದ ಕವಾಟದ ಶಸ್ತ್ರಚಿಕಿತ್ಸೆಗೆಂದು ತಿಪಟೂರಿನಲ್ಲಿ ಬೆಂಗಳೂರಿನ ರೈಲು ಹತ್ತಿದೆವು. ಅಟ್ಟದಲ್ಲಿದ್ದ ಕೊಬ್ಬರಿ ಕಾಯಿಯನ್ನು ಇಳಿಸಿ, ಸುಲಿಸಿ, ಬಂದ ಬೆಲೆಗೆ ಮಾರಿ ಹಣ ಹೊಂದಿಸಿದ್ದೆವು. ಆಸ್ಪತ್ರೆ ಬಳಿಯ ಲಾಡ್ಜ್‌ನಲ್ಲಿ ನಮ್ಮ ಪಕ್ಕದ ಕೋಣೆಯಲ್ಲಿದ್ದವನು ಬಾಂಗ್ಲಾದೇಶದ ಹುಡುಗ. ನನ್ನಂತೆಯೇ ಪದವಿ ವಿದ್ಯಾರ್ಥಿ. ಹೊಲ ಮಾರಿ ತಾಯಿಯ ಆಪರೇಷನ್ ಮಾಡಿಸಲು ಬಂದಿದ್ದ. ಇಬ್ಬರದೂ ಹರಕು ಮುರುಕು ಹಿಂದಿ. ಹಣದ ಕಷ್ಟವೂ ಒಂದೇ. ಆದರೆ ನನಗೆ ರೈಲು ಟಿಕೆಟ್ ಸಾಕಾಗಿತ್ತು, ಅವನಿಗೆ ವೀಸಾ ಬೇಕಿತ್ತು.

ವೈದ್ಯಕೀಯ ವೀಸಾ ಎಂದರೆ ಏನೆಂದು ನನಗೆ ಗೊತ್ತಾಗಿದ್ದೇ ಅವನಿಂದ. ಭಾರತದ ಆಸ್ಪತ್ರೆ ಕೊಟ್ಟ ಪತ್ರ, ತಮ್ಮೂರಿನ ವೈದ್ಯರ ವರದಿ, ಖರ್ಚು ಭರಿಸಬಲ್ಲೆವು ಎಂಬುದಕ್ಕೆ ಬ್ಯಾಂಕ್ ದಾಖಲೆ ಎಲ್ಲವೂ ಬೇಕು. ರೋಗಿಯ ಜೊತೆ ಬರುವವರಿಗೆ ಬೇರೆಯದೇ ವೀಸಾ, ಅದೂ ಇಬ್ಬರಿಗೆ ಮಾತ್ರ. ಹಲವು ದೇಶಗಳವರು ಇ–ವೈದ್ಯಕೀಯ ವೀಸಾಕ್ಕೆ ಮನೆಯಲ್ಲೇ ಕುಳಿತು ಅರ್ಜಿ ಹಾಕಬಹುದು. ಅದರ ಅವಧಿ 60 ದಿನ, ಮೂರು ಸಲ ಬಂದು ಹೋಗಲು ಅವಕಾಶ. ಭಾರತಕ್ಕೆ ಚಿಕಿತ್ಸೆಗೆ ಬರುವ ವಿದೇಶಿಯರಲ್ಲಿ ಬಾಂಗ್ಲಾದೇಶದವರೇ ಹೆಚ್ಚಾಗಿದ್ದರೂ ಅವರಿಗೆ ಈ ಸೌಲಭ್ಯ ಇರಲಿಲ್ಲ. ಅವರಿಗೂ ಇದನ್ನು ಆರಂಭಿಸುವುದಾಗಿ ಪ್ರಧಾನಿ ನರೇಂದ್ರ ಮೋದಿ ಜೂನ್ 22ರಂದು ಘೋಷಿಸಿದಾಗ ಆ ಹುಡುಗ ಮೊಬೈಲ್‌ನಲ್ಲಿ ಸುದ್ದಿ ತೋರಿಸಿ ಖುಷಿಪಟ್ಟಿದ್ದ.

ಆಗಸ್ಟ್ 5ರಂದು ಶೇಖ್ ಹಸೀನಾ ಸರ್ಕಾರ ಉರುಳಿತು. ಅಲ್ಲಿನ ಭಾರತೀಯ ವೀಸಾ ಕೇಂದ್ರಗಳು ಬಾಗಿಲು ಹಾಕಿದವು. ಮತ್ತೆ ತೆರೆದಾಗ ತುರ್ತು ಚಿಕಿತ್ಸೆ, ವಿದ್ಯಾಭ್ಯಾಸದಂಥ ಕೆಲವೇ ಕಾರಣಗಳಿಗೆ ಅವಕಾಶ ಸೀಮಿತವಾಯಿತು. ಡಿಸೆಂಬರ್‌ನಲ್ಲಿ ನಮ್ಮ ತಾತ ಮರುತಪಾಸಣೆಗೆ ಹೋಗಿ ಸಂಜೆ ಹೊತ್ತಿಗೆ ಮನೆಯಲ್ಲಿದ್ದರು. ಆ ಹುಡುಗನ ತಾಯಿಗೂ ಅದೇ ತಿಂಗಳು ತಪಾಸಣೆ ಆಗಬೇಕಿತ್ತು. ವೀಸಾ ಅರ್ಜಿ ಸಲ್ಲಿಸಲು ದಿನಾಂಕವೇ ಸಿಗಲಿಲ್ಲ ಎಂದು ಅವನು ಸಂದೇಶ ಕಳಿಸಿದ್ದ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಅದರ ಬೆನ್ನಲ್ಲೇ ಪಾಕಿಸ್ತಾನಿಯರ ವೀಸಾಗಳನ್ನು ಕೇಂದ್ರ ರದ್ದುಗೊಳಿಸಿತು. ವೈದ್ಯಕೀಯ ವೀಸಾಕ್ಕೆ ಏಪ್ರಿಲ್ 29ರವರೆಗೆ, ಅಂದರೆ ಉಳಿದವರಿಗಿಂತ ಎರಡೇ ದಿನ ಹೆಚ್ಚು ಕಾಲಾವಕಾಶ ಸಿಕ್ಕಿತು. ದೇಶದ ಸಿಟ್ಟು ನ್ಯಾಯವಾದುದೇ. ಆದರೆ ಅರ್ಧ ಚಿಕಿತ್ಸೆಯಲ್ಲಿರುವ ರೋಗಿ ಎರಡು ದಿನದಲ್ಲಿ ಗುಣವಾಗುತ್ತಾನೆಯೇ?

ಇದಕ್ಕಿಂತ ಬೇರೆಯದಾದ ದಾರಿಯನ್ನು ಬೆಂಗಳೂರೇ ಕಂಡಿದೆ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ನಡೆದ ದಾಳಿಯ ನಂತರ ದೆಹಲಿ–ಲಾಹೋರ್ ಬಸ್ ನಿಂತುಹೋಗಿತ್ತು. 2003ರ ಜುಲೈ 11ರಂದು ಅದು ಪುನರಾರಂಭವಾದಾಗ ಲಾಹೋರಿನಿಂದ ಹೊರಟ ಮೊದಲ ಬಸ್ಸಿನಲ್ಲಿ ಹೃದಯದಲ್ಲಿ ರಂಧ್ರಗಳಿದ್ದ ಎರಡೂವರೆ ವರ್ಷದ ಮಗುವೊಂದಿತ್ತು. ಪತ್ರಿಕೆಗಳು ‘ಬೇಬಿ ನೂರ್’ ಎಂದು ಕರೆದ ಆ ಮಗುವಿಗೆ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ದೇಶದ ಎಲ್ಲೆಡೆಯ ಜನ ಅದಕ್ಕಾಗಿ ಹಾರೈಸಿದರು. ಇದರಿಂದ ಭಾರತದ ಗೌರವ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಭದ್ರತೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಹೊಸ ಅರ್ಜಿಗಳನ್ನು ಎಷ್ಟು ಬೇಕಾದರೂ ಸೋಸಿ ನೋಡಲಿ. ಆದರೆ ಈಗಾಗಲೇ ಇಲ್ಲಿ ಚಿಕಿತ್ಸೆ ಶುರುವಾದವರನ್ನು ಬೇರೆಯಾಗಿಯೇ ಪರಿಗಣಿಸಬೇಕು. ಅವರ ವಿಳಾಸ, ಪಾಸ್‌ಪೋರ್ಟ್, ಚಿಕಿತ್ಸೆಯ ವಿವರ ಎಲ್ಲವೂ ಆಸ್ಪತ್ರೆ ಮತ್ತು ಸರ್ಕಾರದ ಬಳಿ ಇರುತ್ತವೆ. ವೈದ್ಯರು ಪ್ರಮಾಣೀಕರಿಸಿದಷ್ಟು ದಿನ ಇರಲು, ಮರುತಪಾಸಣೆಗೆ ಒಮ್ಮೆ ಬಂದು ಹೋಗಲು ನಿಯಮದಲ್ಲೇ ಖಾತರಿ ಇರಬೇಕು.

ಇದರಲ್ಲಿ ನಮ್ಮಂಥ ಉದ್ಯೋಗಾಕಾಂಕ್ಷಿಗಳ ಹಿತವೂ ಇದೆ. ಹೊರದೇಶದ ರೋಗಿಗಳು ಬಂದರೆ ನರ್ಸಿಂಗ್, ಪ್ರಯೋಗಾಲಯ, ಭಾಷಾಂತರ, ಲಾಡ್ಜ್, ಟ್ಯಾಕ್ಸಿ ಎಲ್ಲ ಕಡೆಯೂ ಕೆಲಸ ಹುಟ್ಟುತ್ತದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ನರ್ಸಿಂಗ್ ಓದಿ ಬೆಂಗಳೂರು ಸೇರಿದ ಗೆಳತಿಯರು ನನಗೂ ಇದ್ದಾರೆ. ಇನ್ನೊಂದು ವರ್ಷ ಚಿಕಿತ್ಸೆ ಮುಂದುವರಿಯುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ರೋಗಿ ಬೇರೆ ದೇಶ ಹುಡುಕುತ್ತಾನೆ.

ಮೊನ್ನೆ ಮಾತ್ರೆ ನುಂಗುತ್ತಾ ತಾತ ಕೇಳಿದರು: ‘ಆ ಹುಡುಗನ ತಾಯಿ ಹೆಂಗವ್ರೆ, ಬಂದು ತೋರಿಸ್ಕೊಂಡು ಹೋದ್ರಾ?’ ಇಲ್ಲ ಅಂದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಫೋನ್ ಮಾಡಿ ವಿಚಾರಿಸು’ ಅಂದರು.