ಬೀಗಿತ್ತಿಯ ಊರಿಗೆ ಕಾರಿನಲ್ಲಿ

ವಿಮಾನದಲ್ಲಾದರೆ ಎರಡು ಗಂಟೆಯ ಹಾದಿ. ಹಾಗಿದ್ದೂ 1,300 ಕಿಲೋಮೀಟರಿಗೂ ಮೇಲೆ ಕಾರಿನಲ್ಲೇ ಹೋಗಬೇಕು ಅಂತ ಹಟ ಹಿಡಿದವಳು ನನ್ನ ಸೊಸೆ. ಪೋಲೆಂಡಿನ ಹುಡುಗಿ, ಲಂಡನ್ನಿನ ಹತ್ತಿರ ನನ್ನ ಮಗನ ಜೊತೆ ಸಂಸಾರ. ತವರು ಪೊಜ್ನಾನ್ ಪಟ್ಟಣದ ಆಚೆಗೊಂದು ಹಳ್ಳಿ. 2025ರ ಈಸ್ಟರ್ ಹಬ್ಬಕ್ಕೆ ಹೊರಟಾಗ, "ಅತ್ತೆ, ನೀವೂ ಬನ್ನಿ, ಅಮ್ಮನ್ನ ನೋಡಿ" ಅಂದಳು, ಕಲಿತಷ್ಟು ಕನ್ನಡದಲ್ಲೇ. ಬೀಗಿತ್ತಿಯನ್ನು ನಾನು ಫೋಟೋದಲ್ಲಿ ಬಿಟ್ಟರೆ ಕಂಡಿರಲಿಲ್ಲ.

ಬರಿಗೈಯಲ್ಲಿ ಹೋಗುವುದುಂಟೇ? ಬೆಣ್ಣೆ ಕಾಯಿಸಿ ಒಂದು ಡಬ್ಬಿ ಘಮಘಮ ತುಪ್ಪ ಮಾಡಿಟ್ಟೆ. ಸೊಸೆ ತಲೆಯಾಡಿಸಿದಳು. ಬ್ರಿಟನ್ ಯೂರೋಪಿನ ಒಕ್ಕೂಟದಿಂದ ಬೇರೆಯಾದ ಮೇಲೆ, 2021ರಿಂದ, ಅಲ್ಲಿಂದ ಆಚೆಗೆ ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಒಯ್ಯುವ ಹಾಗಿಲ್ಲವಂತೆ. ತುಪ್ಪ ಅಡಿಗೆಮನೆಯಲ್ಲೇ ಉಳಿಯಿತು. ಚಟ್ನಿಪುಡಿ, ಮಾವಿನಕಾಯಿ ಉಪ್ಪಿನಕಾಯಿ, ಒಂದು ರೇಷ್ಮೆ ಶಾಲು ಡಿಕ್ಕಿ ಸೇರಿದವು.

ಇನ್ನೊಂದು ಮಾತು, ಮಕ್ಕಳ ಮನೆಗೆ ಹೋಗುವವರು ನೆನಪಿಡಿ. ನಮ್ಮ ಪಾಸ್‌ಪೋರ್ಟಿಗೆ ಬ್ರಿಟನ್ನಿನ ವೀಸಾ ಒಂದೇ ಸಾಲದು. ಈ ದಾರಿಗೆ ಷೆಂಗೆನ್ ವೀಸಾ ಅಂತ ಬೇರೆಯೇ ಬೇಕು. ಹೆಚ್ಚು ದಿನ ಉಳಿಯುವ ದೇಶದವರಲ್ಲಿ ಅರ್ಜಿ ಹಾಕಬೇಕು. ನಾನು ಊರಿನಲ್ಲಿದ್ದಾಗಲೇ ಮಾಡಿಸಿಕೊಂಡಿದ್ದೆ.

ಏಪ್ರಿಲ್ 15, ಮಂಗಳವಾರ ಹೊರಟೆವು. ಸಮುದ್ರ ದಾಟಲು ಸುರಂಗ. 50 ಕಿಲೋಮೀಟರ್ ಉದ್ದ, 1994ರಲ್ಲಿ ತೆರೆದದ್ದು. ಕಾರೇ ರೈಲಿನ ಹೊಟ್ಟೆಯೊಳಗೆ ಹೋಗುತ್ತೆ, ನಾವು ಕಾರಿನೊಳಗೇ ಕೂತಿರುತ್ತೇವೆ! ಮೀನು ಗೀನು ಕಾಣಬಹುದೇ ಅಂತ ಇಣುಕಿದ್ದಕ್ಕೆ ಮಗ ನಕ್ಕ. ಮೂವತ್ತೈದು ನಿಮಿಷಕ್ಕೆ ಫ್ರಾನ್ಸ್. ಅಲ್ಲಿಂದ ಮುಂದೆ ರಸ್ತೆಯ ಬಲಕ್ಕೆ ಓಡಿಸಬೇಕು. ಎಡಗಡೆ ಕೂತ ನಾನು ಮೊದಲ ಅರ್ಧ ಗಂಟೆ ರಾಮಜಪ ಮಾಡಿದೆ.

ಆ ರಾತ್ರಿ ಬೆಲ್ಜಿಯಮ್ಮಿನ ಘೆಂಟ್ ಊರಿನಲ್ಲಿ ಸೊಸೆಯ ಶಾಲಾ ಗೆಳತಿಯ ಮನೆ. ಇಪ್ಪತ್ತು ದಿನದ ಬಾಣಂತಿ ಒದ್ದೆ ತಲೆಯಲ್ಲೇ ಬಾಗಿಲು ತೆರೆದಳು. ಕಿವಿಗೆ ಹತ್ತಿ ಇಟ್ಟುಕೊಳ್ಳಮ್ಮಾ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಡಿಗೆ ಗಂಡನದು.

ಮಾರನೆಯ ದಿನ ಜರ್ಮನಿಯ ಹ್ಯಾನೋವರ್. ರಸ್ತೆಯ ಎರಡೂ ಕಡೆ ಸಾಸಿವೆಯ ಜಾತಿಯ ಹಳದಿ ಹೂವಿನ ಹೊಲಗಳು. ನಮ್ಮ ಹುಚ್ಚೆಳ್ಳಿನ ಹೊಲದ ನೆನಪಾಯಿತು. (ದಾರಿಯಲ್ಲಿ ಬಚ್ಚಲಿಗೆ ಹೋಗಲೂ ಒಂದು ಯೂರೋ ಕೊಡಬೇಕು, ಚಿಲ್ಲರೆ ಇಟ್ಟುಕೊಂಡಿರಿ.) ಹ್ಯಾನೋವರಿನಲ್ಲಿ ಇರುವುದು ಸೊಸೆಯ ದೊಡ್ಡಮ್ಮ. 1981ರಲ್ಲಿ ಎರಡು ವಾರಕ್ಕೆಂದು ನೆಂಟರ ಮನೆಗೆ ಬಂದಿದ್ದರಂತೆ. ಆ ಡಿಸೆಂಬರ್ 13ಕ್ಕೆ ಪೋಲೆಂಡಿನಲ್ಲಿ ಸೈನಿಕ ಆಡಳಿತ ಘೋಷಣೆಯಾಯಿತು. ಹಿಂತಿರುಗಲು ಧೈರ್ಯವಾಗಲಿಲ್ಲ. ತಂಗಿಯ ಮುಖ ಮತ್ತೆ ಕಂಡದ್ದು ಎಂಟು ವರ್ಷ ಕಳೆದ ಮೇಲೆ. ನಡುವೆ ತಾಯಿ ತೀರಿಕೊಂಡರು, ಮಣ್ಣಿಗೂ ಹೋಗಲಾಗಲಿಲ್ಲ. ವಯಸ್ಸಾದ ಅವರಿಗೆ ವಿಮಾನ ಆಗದು. ಸೊಸೆ ಕಾರೇ ಬೇಕೆಂದದ್ದು ಇವರನ್ನು ಕರೆದೊಯ್ಯುವುದಕ್ಕೇ. ಇದನ್ನು ಮೊದಲೇ ಹೇಳಿದ್ದರೆ ನಾನು ಪೆಟ್ರೋಲಿನ ಲೆಕ್ಕ ಆಡುತ್ತಿರಲಿಲ್ಲ.

ಮುಂದಿನ ಬೆಳಿಗ್ಗೆ ಹೆದ್ದಾರಿಯ ಪಕ್ಕ ಮಾರಿಯನ್‌ಬೋರ್ನ್ ಎಂಬ ಜಾಗ ಬಂತು. ಜರ್ಮನಿ ಎರಡಾಗಿದ್ದಾಗ ಅದು ಗಡಿಯ ತಪಾಸಣೆಯ ಠಾಣೆ, 1996ರಿಂದ ಸ್ಮಾರಕ. ಅಷ್ಟು ಹೊತ್ತೂ ಮಾತಾಡುತ್ತಿದ್ದ ದೊಡ್ಡಮ್ಮ ಸುಮ್ಮನಾದರು. ಕಾರು ನಿಲ್ಲಿಸಲೇ ಅಂತ ಮಗ ಕೇಳಿದ. ಬೇಡ, ಹೋಗು ಅಂತ ಕೈ ಮಾಡಿದರು.

ಸಂಜೆ ಹಳ್ಳಿ ಸೇರಿದೆವು. ವಿದ್ಯುತ್ ಕಂಬದ ತುದಿಯಲ್ಲಿ ಬಕಪಕ್ಷಿಯ ಗೂಡು. ಚಳಿಗಾಲವನ್ನು ಆಫ್ರಿಕಾದಲ್ಲಿ ಕಳೆದು ವಸಂತಕ್ಕೆ ಬರುತ್ತವಂತೆ. ಬೀಗಿತ್ತಿ ಅಂಗಳದಲ್ಲೇ ನಿಂತಿದ್ದರು. ಮೊದಲು ಅಕ್ಕನನ್ನು ತಬ್ಬಿಕೊಂಡರು, ಆಮೇಲೆ ಮಗಳನ್ನು. ಕೊನೆಗೆ ನನ್ನ ಎರಡೂ ಕೈ ಹಿಡಿದು ಏನೋ ಅಂದರು. ಸೊಸೆ ಕನ್ನಡ ಮಾಡುವ ಮೊದಲೇ ನನಗೆ ಗೊತ್ತಾಯಿತು.

ಶನಿವಾರ ಬಿಳೀ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಬಣ್ಣದ ಮೊಟ್ಟೆ, ರೊಟ್ಟಿ, ಉಪ್ಪು, ಸಾಸೇಜು, ಬೆಣ್ಣೆಯಲ್ಲಿ ಮಾಡಿದ ಕುರಿಮರಿ ಇಟ್ಟು ಇಗರ್ಜಿಗೆ ಒಯ್ದು ಆಶೀರ್ವಾದ ಮಾಡಿಸಿಕೊಂಡು ಬಂದರು. ಭಾನುವಾರ ಬೆಳಿಗ್ಗೆ ಮೊಟ್ಟೆಯನ್ನು ಚೂರು ಮಾಡಿ ಮನೆಮಂದಿಗೆಲ್ಲ ಹಂಚುವುದು ಪದ್ಧತಿ. ನಾನು ತಿನ್ನುವವಳಲ್ಲ, ಹೇಗಪ್ಪಾ ಬೇಡ ಅನ್ನುವುದು ಅಂತ ಒದ್ದಾಡುತ್ತಿದ್ದೆ. ಬೀಗಿತ್ತಿ ಅದೇ ಬುಟ್ಟಿಯ ರೊಟ್ಟಿ ಮುರಿದು, ಉಪ್ಪಿಗೆ ಅದ್ದಿ ನನ್ನ ಕೈಗಿಟ್ಟರು. ನನಗೆಂದೇ ಅಣಬೆ ಹಾಕಿ ಬೇರೆ ಪಾತ್ರೆಯಲ್ಲಿ ಝೂರೆಕ್ ಎಂಬ ಹುಳಿಸಾರನ್ನೂ ಮಾಡಿದ್ದರು. ಸೋಮವಾರ ಒಬ್ಬರ ಮೇಲೊಬ್ಬರು ನೀರೆರಚುವ ದಿನ, ನಮ್ಮ ಓಕುಳಿಯೇ ಸರಿ! ಆ ಚಳಿಯಲ್ಲಿ ನನಗೂ ಒಂದು ಚೊಂಬು ಬಿತ್ತು.

ಹೊರಡುವ ದಿನ ಮೇಜಿನ ತುಂಬ ಪೊಟ್ಟಣಗಳು. ಮನೆಯಲ್ಲೇ ಹೊಗೆ ಹಾಕಿದ ಸಾಸೇಜು, ಹಾಲು ಒಡೆಸಿ ಮಾಡಿದ ಗಿಣ್ಣು, ಬೆಣ್ಣೆ. ಸೊಸೆ ನನ್ನ ಮುಖ ನೋಡಿದಳು. ದನಗಳ ಕಾಲುಬಾಯಿ ರೋಗ ಆ ವರ್ಷ ಯೂರೋಪಿನಲ್ಲಿ ಕಾಣಿಸಿಕೊಂಡು, ನಾವು ಹೊರಡುವ ಮೂರು ದಿನ ಮುಂಚೆಯಷ್ಟೇ, ಏಪ್ರಿಲ್ 12ರಿಂದ, ಇಂಥವನ್ನು ಬ್ರಿಟನ್ನಿಗೆ ತರಬಾರದೆಂದು ಸರಕಾರ ಆಜ್ಞೆ ಮಾಡಿತ್ತು. ತಾಯಿಗೆ ಹೇಳುವುದು ಹೇಗೆ? ಅವಳು ಹೇಳಲೇ ಇಲ್ಲ. ಎಲ್ಲವನ್ನೂ ಡಿಕ್ಕಿಗೆ ತುಂಬಿದಳು. ಹ್ಯಾನೋವರಿನಲ್ಲಿ ದೊಡ್ಡಮ್ಮನನ್ನು ಇಳಿಸಿ, ಒಂದೊಂದೇ ಪೊಟ್ಟಣವನ್ನು ಅವರ ಫ್ರಿಜ್ಜಿನಲ್ಲಿ ಜೋಡಿಸಿದಳು. ಒಂದು ತುಂಡು ಸಾಸೇಜು ಅಲ್ಲೇ ನಿಂತು ತಿಂದಳು. ಕಣ್ಣು ಒರೆಸಿಕೊಂಡಿದ್ದನ್ನು ನಾನು ಕಂಡೂ ಕಾಣದ ಹಾಗಿದ್ದೆ.

ಒಂದು ಜಾಡಿ ಮಾತ್ರ ನನ್ನ ಮಡಿಲಲ್ಲಿ ಉಳಿಯಿತು, ಝೂರೆಕ್ಕಿನ ಹುಳಿಹಿಟ್ಟು. ಉಬ್ಬೀತೆಂದು ಮುಚ್ಚಳ ಸಡಿಲವಾಗಿಟ್ಟು ಲಂಡನ್ನಿನವರೆಗೂ ಹಿಡಿದು ಕೂತೆ. ಕ್ಯಾಲೆಯಲ್ಲಿ ಅಧಿಕಾರಿ ಏನಿದು ಅಂದ. "ಹಿಟ್ಟು, ನೀರು" ಅಂದಳು ಸೊಸೆ. ಮೂಸಿ ನೋಡಿ ಮುಖ ಕಿವುಚಿ ಬಿಟ್ಟುಬಿಟ್ಟ.

ನೀವೂ ಮಾಡಿ ನೋಡಿ. ಅಲ್ಲಿ ರೈ ಎಂಬ ಧಾನ್ಯದ ಹಿಟ್ಟು ಹಾಕುತ್ತಾರೆ. ಗೋಧಿ ಹಿಟ್ಟಿನದೂ ಉಂಟು, ಅದಕ್ಕೆ ಬಿಳಿ ಬಾರ್ಷ್ಚ್ ಅಂತ ಹೆಸರು. ನಾಲ್ಕು ದೊಡ್ಡ ಚಮಚ ಹಿಟ್ಟನ್ನು ಕುದಿಸಿ ಆರಿಸಿದ ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಗಾಜಿನ ಜಾಡಿಯಲ್ಲಿಡಿ. ಮೇಲೆ ತೆಳು ಬಟ್ಟೆ ಕಟ್ಟಿ. ದಿನಕ್ಕೊಮ್ಮೆ ಕದಡಿ. ಅಲ್ಲಿ ನಾಲ್ಕೈದು ದಿನ ಬೇಕು. ನಮ್ಮ ಸೆಕೆಗೆ ಎರಡೇ ದಿನಕ್ಕೆ ಹುಳಿ ಬರುತ್ತೆ. ಆಲೂಗಡ್ಡೆ, ಅಣಬೆ, ಈರುಳ್ಳಿ ಬೇಯಿಸಿದ ನೀರಿಗೆ ಇದನ್ನು ಬೆರೆಸಿ, ಉಪ್ಪು, ಕಾಳುಮೆಣಸು ಹಾಕಿ ಗಂಟಾಗದಂತೆ ಕುದಿಸಿ. ಜಾಡಿಯಲ್ಲಿ ಬೂಷ್ಟು ಕಂಡರೆ ಮಾತ್ರ ಆಸೆಪಡದೆ ಚೆಲ್ಲಿ ಮತ್ತೆ ಹೊಸದಾಗಿ ಕಲಸಿ.